‘ಕಪ್ಪೆ’ ಎಂದೇ ಎಲ್ಲರಿಗೂ ಗೊತ್ತಿದ್ದ ಕ್ಲೆಮೆಂಟ್ ಬಾತಿಸ್ತ್

1991, ಮೇ 6, ಸೋಮವಾರ

ಇವತ್ತು ನನ್ನನ್ನು ಟಿವಿಯಿಂದ ಎತ್ತಿಹಾಕಿದರು.

ಕರೆದು ಹೇಳಿದವರು ಸ್ವತಃ ಕಾರ್ಯದರ್ಶಿ, ಶ್ರೀಮತಿ ಡೆಲ್ಫಿನ್ ಮೊಂತೂತ್. ನಮ್ಮ ವಾರ್ತಾ ಮಂತ್ರಾಲಯಕ್ಕೆ ಸಚಿವರು ಬರುತ್ತಾರೆ, ಹೋಗುತ್ತಾರೆ, ಮಂತ್ರಾಲಯವೆಂದರೆ ಆಕೆಯೇ. ನೀಲಿ ಸೂಟು ಹಾಕಿದ್ದರು, ಕಿವಿಗೆ ಒಂದೊಂದು ಮುತ್ತು. “ವರ್ಲಿನ್, ಇಷ್ಟು ವರ್ಷ ಈ ದೇಶ ನಿಮ್ಮ ಮುಖ ನೋಡಿ ಸುದ್ದಿ ನಂಬಿದೆ. ಈಗ ರೇಡಿಯೋಗೆ ನಿಮ್ಮ ದನಿ ಬೇಕಾಗಿದೆ” ಎಂದರು. ಎಂಥ ಇಂಗ್ಲಿಷು! ಬೇವು ತಿನ್ನಿಸಿ ಬೆಲ್ಲ ತಿಂದೆ ಅನ್ನಿಸುವ ಜಾಣ್ಮೆ. ನಾನು “ಥ್ಯಾಂಕ್ಯೂ ಮೇಡಂ” ಎಂದು ಹೇಳಿ ಹೊರಗೆ ಬಂದೆ. ನನ್ನನ್ನು ಕೆಳಗೆ ತಳ್ಳಿದ್ದಾರೆ ಎಂದು ಗೊತ್ತಾಗುವ ಹೊತ್ತಿಗೆ ಅರ್ಧ ಮೆಟ್ಟಿಲು ಇಳಿದಾಗಿತ್ತು.

ನನ್ನ ಜಾಗಕ್ಕೆ ಬಂದಿರುವ ಹುಡುಗಿಗೆ ನನ್ನ ಅರ್ಧ ವಯಸ್ಸು. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಓದಿದರೆ ವಾಕ್ಯದಲ್ಲೂ ಬೀಳುತ್ತದೆ, ಅದನ್ನು ಯಾರೂ ನೋಡುವುದಿಲ್ಲ.

ನನ್ನ ಹೊಸ ಕೆಲಸ, ಮಧ್ಯಾಹ್ನದ ನಿಧನ ಪ್ರಕಟಣೆ. ಬದುಕಿದ್ದವರ ಸುದ್ದಿ ಓದುತ್ತಿದ್ದವಳು ಇನ್ನು ಮೇಲೆ ಸತ್ತವರದ್ದು ಓದಬೇಕು. ನವೆಂಬರಿನ ಸ್ವಾತಂತ್ರ್ಯ ದಿನದ ಹೊತ್ತಿಗೆ ಮತ್ತೆ ಯೋಚಿಸೋಣ ಎಂದಿದ್ದಾರೆ ಮೇಡಂ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರಬೇಕು. ಮುಖದ ಪೌಡರ್ ಡಬ್ಬಿಯನ್ನು ಡ್ರಾಯರಿನಲ್ಲೇ ಬಿಟ್ಟು ಬಂದಿದ್ದೇನೆ, ಹೇಗೂ ಹಿಂದಿರುಗುವವಳು.

ಮೇ 8, ಬುಧವಾರ

ರೇಡಿಯೋ ವಿಭಾಗ ಇರುವುದು ಮಂತ್ರಾಲಯದ ಕೆಳಗಿನ ಅಂತಸ್ತಿನಲ್ಲಿ, ಮೆಟ್ಟಿಲ ಕೆಳಗೆ. ಅದರ ಮುಖ್ಯಸ್ಥರು ಥಿಯೊಫಿಲಸ್ ಒಜಿಯೆ. ನಿವೃತ್ತಿಯ ಅಂಚಿನಲ್ಲಿರುವ ದಪ್ಪ ಮನುಷ್ಯ. ದಿನಕ್ಕೊಂದು ಟೈ ಕಟ್ಟುತ್ತಾರೆ, ಎಲ್ಲದರ ಮೇಲೂ ಮೀನಿನ ಸಾರಿನ ಕಲೆ. ಕೂಗಿದರೆ ಬಂದರಿಗೆ ಕೇಳಿಸುತ್ತದೆ.

“ಬನ್ನಿ ಬನ್ನಿ, ಕಾಸಿಮೀರ್ ಮೇಡಂ! ದೊಡ್ಡವರು ಇಷ್ಟು ಕೆಳಗೆ ಇಳಿದು ಬಂದ್ರಲ್ಲ, ಕಾಲು ನೋಯ್ಲಿಲ್ವಾ?” ಎಂದು ಸ್ವಾಗತಿಸಿದರು. ಬಾಯಲ್ಲಿ ಸುಟ್ಟ ಜೀಗುಜ್ಜೆ ಕಾಯಿಯ ತುಂಡು ಇತ್ತು.

ಮೊದಲ ದಿನ ನಾಲ್ಕು ಸಾವು. ಮನೆಯವರು ಹೇಳಿ ಬರೆಸಿದ್ದನ್ನು ಇದ್ದ ಹಾಗೆಯೇ ಓದಬೇಕು. ದೇವರೇ, ಏನು ಬರೆಸುತ್ತಾರೆ! “‘ಒಲೆಯೂದಿ’ ಎಂದೇ ಎಲ್ಲರಿಗೂ ಗೊತ್ತಿದ್ದ ಮಾರ್ಗರೆಟ್ ಫಿಲಿಪ್.” “‘ಅರ್ಧ ಬಾಟಲಿ’ ಎಂದೇ ಎಲ್ಲರಿಗೂ ಗೊತ್ತಿದ್ದ ಜಾನ್ ಚಾರ್ಲ್ಸ್. ಇವರು ‘ಗೂಬೆ’, ‘ಪುಟ್ಟಹೊಟ್ಟೆ’ ಮತ್ತು ಪೊಲೀಸ್ ಇಲಾಖೆಯ ‘ಸಿಡುಕ’ ಇವರ ತಂದೆ.” ಇದನ್ನು ರಾಷ್ಟ್ರದ ರೇಡಿಯೋದಲ್ಲಿ, ರಾಷ್ಟ್ರಗೀತೆ ಹಾಡುವ ಅದೇ ಮೈಕಿನಲ್ಲಿ ಓದಿದೆ. ನಗು ಬರದಂತೆ ತೊಡೆ ಚಿವುಟಿಕೊಂಡೆ. ಆಮೇಲೆ ನಗುವಲ್ಲ, ಸಿಟ್ಟು ಬಂತು. ಸತ್ತ ಮೇಲಾದರೂ ಒಬ್ಬ ಮನುಷ್ಯನಿಗೆ ಮರ್ಯಾದೆ ಬೇಡವೇ?

ಒಜಿಯೆ ಬೇರೆಯದಕ್ಕೇ ಬೈದರು. “ಏನಮ್ಮಾ, ಬಸ್ ತಪ್ಪಿಹೋಗುತ್ತಾ? ನಿಧಾನಕ್ಕೆ ಓದಿ. ಸತ್ತವರಿಗೆ ಅವಸರ ಇಲ್ಲ, ಕೇಳೋರಿಗೆ ಮೊದ್ಲೇ ಇಲ್ಲ.”

ನಮ್ಮ ದ್ವೀಪದಲ್ಲಿ ಅಡ್ಡಹೆಸರಿಲ್ಲದವರು ಪಾದ್ರಿ ಮಾತ್ರ, ಅದೂ ಅವರೆದುರಿಗೆ. ಹುಟ್ಟೂರು ಲಾ ರಿವಿಯೇರ್‌ನಲ್ಲಿ ನನಗೂ ಒಂದು ಇಟ್ಟಿದ್ದರು. ವಿದ್ಯಾರ್ಥಿವೇತನ ಸಿಕ್ಕಿ ಊರು ಬಿಟ್ಟ ದಿನ ಅದನ್ನು ಅಲ್ಲೇ ಹೂತು ಬಂದಿದ್ದೇನೆ. ಇಲ್ಲಿ, ಯಾರೂ ಓದದ ಈ ಪುಸ್ತಕದಲ್ಲೂ ಅದನ್ನು ಬರೆಯುವುದಿಲ್ಲ.

ಮೇ 10, ಶುಕ್ರವಾರ

ಕಾರ್ಯದರ್ಶಿಯವರಿಗೆ ಒಂದು ಟಿಪ್ಪಣಿ ಕಳಿಸಿದ್ದೆ: ನಿಧನ ಪ್ರಕಟಣೆಗಳಲ್ಲಿ ಅಡ್ಡಹೆಸರು ಬೇಡ, ಸರ್ಕಾರಿ ದಾಖಲೆಯ ಹೆಸರು ಸಾಕು, ಭಾಷೆ ಗೌರವಯುತವಾಗಿರಲಿ. ಇವತ್ತೇ ಮೇಲೆ ಕರೆಸಿಕೊಂಡರು. “ಇಂಥ ಯೋಚನೆ ಮಾಡುವವರು ಈ ಕಟ್ಟಡದಲ್ಲಿ ಇದ್ದಾರೆ ಅಂತ ಖುಷಿಯಾಯಿತು” ಎಂದರು. ಅವರ ಮೇಜಿನ ಮೇಲೆ ಒಂದು ಧೂಳಿಲ್ಲ, ಒಂದು ಕಾಗದ ಸೊಟ್ಟಗಿಲ್ಲ. ಹಾಗೆ ಬದುಕಬೇಕು. ನವೆಂಬರಿನವರೆಗೂ ಕಾಯಬೇಕಾಗಿಲ್ಲ ಅನ್ನಿಸುತ್ತದೆ.

ಮೇ 13, ಸೋಮವಾರ

ಸುತ್ತೋಲೆ ಬಂತು. ನನ್ನ ವಾಕ್ಯಗಳೇ, ಅವರ ಸಹಿ. ಸ್ಟುಡಿಯೋ ಗೋಡೆಯ ಮೊಳೆಗೆ ಸಿಕ್ಕಿಸಿದೆ.

ಒಜಿಯೆ ಕನ್ನಡಕ ಹಣೆಗೇರಿಸಿ ಓದಿದರು. “ಯಾರ ತಲೆಗೆ ಹೊಳೀತು ಇದು?”

“ನನ್ನ ತಲೆಗೇ. ಏನೀಗ?”

“ಏನಿಲ್ಲ ತಾಯಿ. ನನ್ನ ಹೆಸರು ಥಿಯೊಫಿಲಸ್ ಅಂತ ನನ್ನ ಹೆಂಡತಿಗೆ ಗೊತ್ತಾಗಿದ್ದು ಚರ್ಚಲ್ಲಿ, ಮದುವೆ ದಿನ. ಪಾದ್ರಿ ಬೇರೆ ಯಾರಿಗೋ ಮದುವೆ ಮಾಡ್ತಿದಾರೆ ಅಂತ ಅವಳು ಹಿಂದೆ ತಿರುಗಿ ನೋಡಿದ್ಲು.”

“ನೀವು ತಮಾಷೆ ಮಾಡ್ತೀರಿ ಸಾರ್. ಇದು ಸರ್ಕಾರದ ರೇಡಿಯೋ.”

“ಹೌದಮ್ಮಾ. ಮೊಂತೂತ್ ಮೇಡಂ ಅವರ ತಾಯಿ ಉತ್ತರದ ಬಸ್ ಸ್ಟ್ಯಾಂಡಲ್ಲಿ ಹುರಿದ ಕಡ್ಲೆಕಾಯ್ ಮಾರಿ ಮಗಳನ್ನ ಓದ್ಸಿದ್ರು. ಆ ತಾಯಿ ನಿಜವಾದ ಹೆಸರೇನು ಅಂತ ಉತ್ತರದಲ್ಲಿ ಹತ್ತು ಜನರನ್ನ ಕೇಳಿ ನೋಡಿ.” ಇಷ್ಟು ಹೇಳಿ ಟೋಪಿ ತೆಗೆದು ಸುತ್ತೋಲೆ ಸಿಕ್ಕಿಸಿದ್ದ ಮೊಳೆಗೇ ನೇತುಹಾಕಿದರು. ಒರಟು ಮನುಷ್ಯ.

ಮೇ 14, ಮಂಗಳವಾರ

ಹೊಸ ರೀತಿಯಲ್ಲಿ ಮೊದಲ ಪ್ರಕಟಣೆ. ಒಂದೇ ಸಾವು. ಬರೆಸಲು ಬಂದವಳು ತೆಳ್ಳನೆಯ ಹೆಂಗಸು, ತಲೆಗೆ ಚೌಕುಳಿ ಬಟ್ಟೆ, ಕಂಕುಳಲ್ಲಿ ಗಂಡಸಿನ ಒಂದು ಜೊತೆ ಬಟ್ಟೆಯ ಗಂಟು. ಊರು ಆನ್ಸ್ ಗಾಲೆ. ಅವಳೊಡನೆ ಬಾಳಿದ ಮೀನುಗಾರ ಬೆಳಿಗ್ಗೆ ಇಲ್ಲಿ ರಾಜಧಾನಿಯ ಆಸ್ಪತ್ರೆಯಲ್ಲಿ ತೀರಿಕೊಂಡನಂತೆ.

“‘ಕಪ್ಪೆ’ ಅಂತ ಹೇಳ್ತೀರಲ್ಲ ತಾಯೀ?” ಎಂದು ಕೇಳಿದಳು.

ನಿಯಮ ಬದಲಾಗಿದೆ, ಇನ್ನು ಎಲ್ಲರಿಗೂ ಪೂರ್ತಿ ಹೆಸರಿನ ಗೌರವ ಎಂದು ಬಿಡಿಸಿ ಹೇಳಿದೆ.

“ಹಂಗಾದ್ರೆ ಊರವರಿಗೆ ಗೊತ್ತಾಗುತ್ತಾ?”

“ಸರ್ಕಾರದ ರೇಡಿಯೋ ಅಮ್ಮ. ಇಡೀ ದೇಶಕ್ಕೆ ಕೇಳಿಸುತ್ತೆ.”

ಓದಿದೆ: ಆನ್ಸ್ ಗಾಲೆಯ ಶ್ರೀ ಕ್ಲೆಮೆಂಟ್ ಬಾತಿಸ್ತ್ ನಿಧನರಾದರು, ಅವರು ತಮ್ಮ ಆಪ್ತ ಸಂಗಾತಿ ಯೂನಿಸ್ ಅವರನ್ನೂ, ಜೋಸೆಫ್, ಮೇರಿ, ಸೈಮನ್ ಹಾಗೂ ಮಾರ್ತಿನಿಕ್‌ನಲ್ಲಿರುವ ಪೀಟರ್ ಮತ್ತು ಆಗ್ನೆಸ್ ಎಂಬ ಮಕ್ಕಳನ್ನೂ ಅಗಲಿದ್ದಾರೆ. ಎಷ್ಟು ಚೊಕ್ಕ! ಕಾರ್ಯದರ್ಶಿಯವರು ಫೋನ್ ಮಾಡಿ ಹೊಗಳಿದರು.

ಮೇ 15

ತಲೆ ತೊಳೆದೆ. ಟಿವಿಯಲ್ಲಿ ಗುಳಿ ಹುಡುಗಿ ಬಜೆಟ್ಟಿಗೆ ನಕ್ಕಳು.

ಮೇ 16, ಗುರುವಾರ

ನಡೆದದ್ದನ್ನೆಲ್ಲ ಬಿಡದೆ ಬರೆಯುತ್ತೇನೆ.

ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬ ಮುದುಕ ಒಳಗೆ ನುಗ್ಗಿದ. ಕೋಟು, ಕೊಡೆ, ಒಂದು ಕಣ್ಣಿಗೆ ಬಿಳಿ ಪಟ್ಟಿ. “ಯಾರು, ಇಲ್ಲಿ, ನನ್ನನ್ನ, ಸಾಯಿಸಿದ್ದು?” ಎಂದು ಕೇಳಿದ. ಹಾಗೆಯೇ, ಪ್ರತಿ ಪದಕ್ಕೂ ನಿಂತು ನಿಂತು.

ಒಜಿಯೆ ಎದ್ದು ನಿಂತುಬಿಟ್ಟರು. “ಅಯ್ಯೋ, ಅಲ್ಪವಿರಾಮ ಮೇಷ್ಟ್ರು!”

ಆನ್ಸ್ ಗಾಲೆಯ ನಿವೃತ್ತ ಹೆಡ್‌ಮೇಷ್ಟ್ರು. ದ್ವೀಪದ ಅರ್ಧ ಜನಕ್ಕೆ ಬರೆಯಲು ಕಲಿಸಿದವರಂತೆ. ಸರ್ಕಾರಿ ದಾಖಲೆಯ ಹೆಸರು ಕ್ಲೆಮೆಂಟ್ ಬಾತಿಸ್ತ್.

ಸೋಮವಾರ ಕಣ್ಣಿನ ಪೊರೆ ತೆಗೆಸಲು ಇಲ್ಲಿಗೆ ಬಂದಿದ್ದರಂತೆ. ನಿನ್ನೆ ಮಧ್ಯಾಹ್ನ ಊರಿಗೆ ಮರಳಿ ಬಸ್ ಇಳಿದರೆ ಅವರ ಅಂಗಳದ ತುಂಬ ಸಾವಿನ ಜಾಗರಣೆಗೆ ಕೂತ ಜನ. “ನನ್ನ ಕುರ್ಚಿ. ನನ್ನ ರಮ್ಮು. ನನ್ನ ಮೇಜಿನ ಮೇಲೆ ಡೊಮಿನೊ ಆಡ್ತಾ ಕೂತಿದಾರೆ. ನಮ್ಮ ಪಕ್ಕದ್ಮನೆಯೋಳು ನನ್ನ ನೋಡಿ ಕಿಟಾರನೆ ಕಿರುಚಿ ಬೇಲಿ ಹಾರಿದ್ಲು. ಅವಳಿಗೆ ಅರವತ್ತಾಗಿದೆ! ನಾನು ಸತ್ತಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಮನುಷ್ಯ ಅಂದ್ಮೇಲೆ ಸಾಯ್ತಾನೆ. ಆದ್ರೆ ಐದು ಮಕ್ಕಳು ಎಲ್ಲಿಂದ ಬಂದ್ರು? ಮದುವೆನೇ ಆಗದೋನಿಗೆ! ಮಾರ್ತಿನಿಕ್‌ನಲ್ಲಿ ಇಬ್ರಂತೆ! ಆ ದ್ವೀಪಾನ ನಾನು ನೋಡೇ ಇಲ್ಲ ಕಣ್ರೀ!”

“ಊರವರು ಏನಂದ್ರು ಮೇಷ್ಟ್ರೇ?” ಎಂದು ಒಜಿಯೆ ಕೇಳಿದರು. ನಗು ತಡೆದು ಅವರ ಕುತ್ತಿಗೆ ಕೆಂಪಾಗಿತ್ತು.

“ಏನಂತಾರೆ? ‘ನಮ್ಮ ಮೇಷ್ಟ್ರು ಭಾರಿ ಒಳಗುಟ್ಟಿನ ಮನುಷ್ಯ’ ಅಂತ ಹೆಮ್ಮೆಯಿಂದ ಮಾತಾಡ್ಕೊಂತಿದ್ರು. ಯೂನಿಸ್ ಯಾರು ಅಂತ ಪಂದ್ಯ ಬೇರೆ ಕಟ್ಟಿದ್ರು.”

ನಾನೂ ನಕ್ಕೆ. ಆಗ ಮೇಷ್ಟ್ರು ಕೊಡೆಯನ್ನು ಮೇಜಿನ ಮೇಲಿಟ್ಟು, ದನಿ ತಗ್ಗಿಸಿ, “ಇರ್ಲಿ. ನಾನಲ್ಲ ಅಂದ್ಮೇಲೆ, ಸತ್ತಿದ್ದು ಯಾರು?” ಎಂದರು.

ಒಜಿಯೆಯ ನಗು ಅಲ್ಲೇ ನಿಂತಿತು. “ಕಪ್ಪೆ” ಎಂದರು. “ಹಂಗಾದ್ರೆ ದೋಣಿ ಬಂದಿಲ್ಲ.”

ಕಡಲ ಮೇಲೆ ಬದುಕಿದವನ ಹೆಣ ಬಸ್ಸಿನಲ್ಲಿ ಹೋಗುವುದಿಲ್ಲ. ರೇಡಿಯೋದಲ್ಲಿ ಕೇಳಿದ ಕೂಡಲೇ ಅವನ ಊರಿನ ದೋಣಿಗಳು ಬರುತ್ತವೆ, ಶಂಖ ಊದುತ್ತ ಕರೆದುಕೊಂಡು ಹೋಗುತ್ತವೆ. ಮೀನುಗಾರರ ಮಗಳು ನಾನು, ನನಗೆ ಗೊತ್ತಿಲ್ಲದ್ದೇ? ಮಂಗಳವಾರ ಓದುವಾಗ ಅದು ನನ್ನ ನೆನಪಿಗೇ ಬರಲಿಲ್ಲ.

ಮೂವರೂ ಹಡಗುಕಟ್ಟೆಗೆ ಓಡಿದೆವು. ಅವಳು ಅಲ್ಲೇ ಇದ್ದಳು, ಮೀನಿನ ಪೆಟ್ಟಿಗೆಯೊಂದರ ಮೇಲೆ, ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು. ಮಂಗಳವಾರದಿಂದ ಅಲ್ಲೇ ಇದ್ದಾಳೆ.

“ದೋಣಿ ಬರುತ್ತೆ ತಾಯೀ” ಎಂದು ನನಗೇ ಸಮಾಧಾನ ಹೇಳಿದಳು. “ಮಕ್ಕಳು ಯಾರೂ ಊರಲ್ಲಿಲ್ಲ, ಊರವರೇ ಬರ್ಬೇಕು. ಗಾಳಿ ಸರಿಯಿಲ್ಲವೇನೋ.” ಸಮುದ್ರ ತಟ್ಟೆಯ ಹಾಗೆ ಸಪಾಟಾಗಿತ್ತು. “ನೀವು ಓದಿದ್ದು ಕೇಳಿದೆ. ಚೆನ್ನಾಗಿ ಓದಿದ್ರಿ, ದೊಡ್ಡ ಮನುಷ್ಯರ ಸಾವಿನ ಥರ. ನಮ್ಮೋನದ್ದು ಅಂತ ನಂಗೇ ಗೊತ್ತಾಗ್ಲಿಲ್ಲ.”

ಒಜಿಯೆ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಮುಖ ಒರೆಸಿಕೊಂಡು, “ಅಯ್ಯೋ, ಹಂಗಾದ್ರೆ ಊರವರಿಗೆ ನಮ್ಮ ಮೇಲೆ ಸಿಟ್ಟಿಲ್ಲ!” ಎಂದಳು. “ಹೋದ ವರ್ಷ ಬಲೆ ವಿಷಯಕ್ಕೆ ಇವನು ಜಗಳ ಆಡಿದ್ದ. ಅದನ್ನೇ ಮನಸಲ್ಲಿ ಇಟ್ಕೊಂಡ್ರೇನೋ, ಯಾರನ್ನ ಇಷ್ಟು ನೋಯಿಸಿದ್ವಿ ಅಂತ ಎರಡು ದಿನದಿಂದ ಲೆಕ್ಕ ಹಾಕ್ತಾ ಕೂತಿದ್ದೆ.”

ಇಂಥ ಹೆಂಗಸನ್ನು ನಾನು ನೋಡಿಲ್ಲ. ನಾನಾಗಿದ್ದರೆ ಎದುರಿಗಿದ್ದವಳ ಜುಟ್ಟು ಹಿಡಿಯುತ್ತಿದ್ದೆ.

ಆಸ್ಪತ್ರೆಯವರು ನಾಳೆ ಸಂಜೆಯವರೆಗೆ ಮಾತ್ರ ಇಟ್ಟುಕೊಳ್ಳುತ್ತಾರಂತೆ. ಆಮೇಲೆ ಊರಾಚೆಯ ಸರ್ಕಾರಿ ನೆಲದಲ್ಲಿ ಹೂಳುತ್ತಾರೆ, ಹೆಸರಿಲ್ಲದವರ ಸಾಲಿನಲ್ಲಿ.

ನಾನು ನೇರ ಕಾರ್ಯದರ್ಶಿಯವರ ಬಳಿ ಹೋದೆ, ತಿದ್ದುಪಡಿ ಓದಲು ಅಪ್ಪಣೆ ಕೇಳಿದೆ. ಅವರು ಗದರಲಿಲ್ಲ. “ವರ್ಲಿನ್, ಮುಂದಿನ ತಿಂಗಳಿಂದ ಚಂಡಮಾರುತದ ಕಾಲ. ನಾವು ‘ಮನೆ ಬಿಟ್ಟು ಹೊರಡಿ’ ಅಂದಾಗ ಜನ ಹೊರಡಬೇಕು. ಸರ್ಕಾರದ ದನಿ ತಪ್ಪು ಹೇಳುತ್ತೆ ಅಂತ ಇವತ್ತು ನಾವೇ ಕಲಿಸಿದರೆ, ಅವತ್ತು ಯಾರು ನಂಬುತ್ತಾರೆ? ಸಚಿವರು ಮಂಗಳವಾರ ಬರುತ್ತಾರೆ, ಕಡತ ಇಡಿ” ಎಂದರು.

ಕೆಳಗೆ ಬಂದು ಹೇಳಿದರೆ ಒಜಿಯೆ ಒಂದೇ ಮಾತು ಹೇಳಿದರು: “ತಪ್ಪು ಓದಿ ಸುಮ್ನೆ ಕೂತಿದ್ದು ಜನಕ್ಕೆ ಗೊತ್ತಾದ್ರೆ ಅವತ್ತು ನಂಬ್ತಾರಾ?”

ಮೇ 17, ಶುಕ್ರವಾರ

ಓದಿದೆ.

ಮೇ 18, ಶನಿವಾರ

ನಿನ್ನೆ ಬರೆಯಲು ಆಗಲಿಲ್ಲ. ಈಗ ಕಾಲಲ್ಲಿ ಆನ್ಸ್ ಗಾಲೆಯ ಮರಳಿದೆ, ಕೂದಲಲ್ಲಿ ಉಪ್ಪು.

ನಿನ್ನೆ ಮಧ್ಯಾಹ್ನದ ವಾರ್ತೆ ಮುಗಿದ ಮೇಲೆ ಸ್ಟುಡಿಯೋದಲ್ಲಿ ನಾವು ನಾಲ್ವರಿದ್ದೆವು. ಯೂನಿಸ್ ಅಮ್ಮ ಗಾಜಿನಾಚೆ. ಮೇಷ್ಟ್ರು ನನ್ನ ಪಕ್ಕ, ಒಂದೇ ಕಣ್ಣಿನಲ್ಲಿ ನನ್ನ ಹಾಳೆ ತಿದ್ದುತ್ತ. ಒಜಿಯೆ ಸ್ವಿಚ್ಚಿನ ಬಳಿ ಕುಳಿತು, ಪ್ರಸಾರದ ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ಇದನ್ನು ಓದಿಸಿದವನು ನಾನು’ ಎಂದು ಬರೆದು ಸಹಿ ಹಾಕಿ, ದಿನಾಂಕವನ್ನೂ ಬರೆದರು.

“ಸಾರ್, ನಿಮ್ಮ ಪಿಂಚಣಿ...” ಎಂದೆ.

“ಮೈಕ್ ಕಡೆ ನೋಡಮ್ಮಾ” ಎಂದರು.

ಇಂಗ್ಲಿಷಿನಲ್ಲಿ ಶುರು ಮಾಡಿದೆ, ಎರಡನೆಯ ವಾಕ್ಯಕ್ಕೇ ನಿಂತಿತು. ಮನೆಮಾತು ಕ್ರಿಯೋಲಿಗೆ ಹೊರಳಿದೆ. ಅದರಲ್ಲಿ ನಾನು ಗಟ್ಟಿಯಾಗಿ ಮಾತಾಡಿ ಎಷ್ಟು ವರ್ಷವಾಯಿತೋ.

“ಆನ್ಸ್ ಗಾಲೆಯ ಕ್ಲೆಮೆಂಟ್ ಬಾತಿಸ್ತ್, ‘ಕಪ್ಪೆ’ ಎಂದೇ ಎಲ್ಲರಿಗೂ ಗೊತ್ತಿದ್ದವರು, ಮಂಗಳವಾರ ತೀರಿಕೊಂಡರು. ಅವರ ಸಂಗಾತಿ, ‘ಮಾ ಸೂಜಿ’ ಎಂದೇ ಎಲ್ಲರಿಗೂ ಗೊತ್ತಿರುವ ಯೂನಿಸ್. ಮಕ್ಕಳು ‘ಬಕೆಟ್’, ‘ಸಕ್ಕರೆ’, ‘ಉದ್ದಣ್ಣ’, ಮಾರ್ತಿನಿಕ್‌ನಲ್ಲಿರುವ ‘ಸೀಗಡಿ’ ಮತ್ತು ‘ರಾಣಿ’. ಹೆಡ್‌ಮೇಷ್ಟ್ರು ಕ್ಲೆಮೆಂಟ್ ಬಾತಿಸ್ತ್, ‘ಅಲ್ಪವಿರಾಮ’ ಎಂದೇ ಎಲ್ಲರಿಗೂ ಗೊತ್ತಿರುವವರು, ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ, ಅವರಿಗೆ ಮಕ್ಕಳಿಲ್ಲ.” ಮೇಷ್ಟ್ರು ತಲೆಯಾಡಿಸಿದರು. “ಕಪ್ಪೆ ಆಸ್ಪತ್ರೆಯಲ್ಲೇ ಇದ್ದಾರೆ. ಇವತ್ತು ಸಂಜೆಯೊಳಗೆ ಊರಿನ ದೋಣಿ ಬರಬೇಕು. ಮಾ ಸೂಜಿ ಮಂಗಳವಾರದಿಂದ ಹಡಗುಕಟ್ಟೆಯಲ್ಲಿ ಕಾಯುತ್ತಿದ್ದಾರೆ. ತಪ್ಪು ನಿಮ್ಮದಲ್ಲ, ಅವರದ್ದೂ ಅಲ್ಲ. ತಪ್ಪು ಓದಿದವಳು ನಾನು, ಲಾ ರಿವಿಯೇರ್‌ನ ವರ್ಲಿನ್ ಕಾಸಿಮೀರ್.”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಒಜಿಯೆ ಸ್ವಿಚ್ಚು ಆರಿಸಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಗಾಜಿನಾಚೆ ಮಾ ಸೂಜಿಯೂ ನೋಡುತ್ತಿದ್ದರು. ಯಾರಿವಳು ವರ್ಲಿನ್ ಕಾಸಿಮೀರ್ ಎಂದು ದೋಣಿಯಲ್ಲಿ ಕುಳಿತವರು ಒಬ್ಬರನ್ನೊಬ್ಬರು ಕೇಳುತ್ತಿರುತ್ತಾರೆ ಅನ್ನಿಸಿತು.

“‘ಬಿಸಿನೀರು’ ಎಂದೇ ಎಲ್ಲರಿಗೂ ಗೊತ್ತಿರುವವಳು” ಎಂದೆ.

ಆಮೇಲೆ ಕಾಯುವುದು. ಹಡಗುಕಟ್ಟೆಯಲ್ಲಿ ಮೇಷ್ಟ್ರು ಕೊಡೆ ಬಿಚ್ಚಿ ಮಾ ಸೂಜಿಗೆ ನೆರಳು ಹಿಡಿದು ನಿಂತರು. ಅವರ ಒಂದು ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಿಸಿಲಿಗೆ ಬರಬಾರದು ಎಂದು ಡಾಕ್ಟರು ಹೇಳಿದ್ದರಂತೆ. “ನನ್ನ ಸಾವಿಗೆ ಬಂದ ಜನ ಇವನಿಗೆ ಸಲ್ಲಬೇಕಾದೋರು. ಅವರು ಬರೋವರೆಗೂ ನಾನು ಸಾಲಗಾರ” ಎಂದರು. ಆಸ್ಪತ್ರೆಯ ಗಾಡಿ ಕಪ್ಪೆಯನ್ನು ತಂದು ಇಳಿಸಿ, ತಿರುಗಿ ಒಯ್ಯುವುದೋ ಬಿಡುವುದೋ ಎಂದು ಇಂಜಿನ್ ಆರಿಸದೆ ನಿಂತಿತ್ತು.

ಮೊದಲು ಕೇಳಿದ್ದು ಮಾ ಸೂಜಿ. ತಲೆಯೆತ್ತಿದರು. ನನಗೇನೂ ಕೇಳಲಿಲ್ಲ. ಆಮೇಲೆ ಕೇಳಿತು. ಶಂಖ. ಒಂದಲ್ಲ. ಭೂಶಿರದ ಮರೆಯಿಂದ ಹಳದಿ ದೋಣಿಯೊಂದು ಬಂತು, ಹಿಂದೆ ಕೆಂಪು, ಹಿಂದೆ ಇನ್ನಷ್ಟು. ಎಣಿಸಲಿಲ್ಲ, ಕಣ್ಣು ಮಂಜಾಗಿತ್ತು. ಆನ್ಸ್ ಗಾಲೆಯವು ಮಾತ್ರವಲ್ಲ. ದಕ್ಷಿಣದ ಊರುಗಳವೂ ಬಂದಿದ್ದವು. ಬಲೆಯ ವಿಷಯಕ್ಕೆ ಕಪ್ಪೆಯೊಡನೆ ಜಗಳವಾಡಿದ್ದನಲ್ಲ, ಅವನೇ ಎಲ್ಲರಿಗಿಂತ ಮೊದಲು ನೀರಿಗೆ ಹಾರಿ ಬಂದು ಮಾ ಸೂಜಿಯ ಕಾಲ ಬಳಿ ಕುಳಿತು, “ಕಪ್ಪೆ ಅಂತ ಒಂದ್ಮಾತು ಹೇಳಿದ್ರೆ ಮಂಗಳವಾರವೇ ಈಜ್ಕೊಂಡ್ ಬರ್ತಿದ್ನಲ್ಲೇ ಅತ್ತಿಗೆ!” ಎಂದು ಗೋಳೋ ಎಂದು ಅತ್ತ.

ಕೊನೆಯಲ್ಲಿ ಬಂದದ್ದು ಹಸಿರು ದೋಣಿ. ಅದರ ಮೂತಿಯಲ್ಲಿ ನಿಂತಿದ್ದವನು ಬೊಕ್ಕತಲೆಯವನು, ಲಾ ರಿವಿಯೇರ್‌ನ ನನ್ನ ಚಿಕ್ಕಪ್ಪನ ಮಗ ಲಿಯೋನಾರ್ಡ್. ಅಮ್ಮ ಸತ್ತ ಮೇಲೆ ನಾನು ಅವನ ಮುಖ ನೋಡಿರಲಿಲ್ಲ.

“ಏ ಬಿಸಿನೀರೂ!” ಎಂದು ಇಡೀ ಬಂದರಿಗೆ ಕೇಳುವಂತೆ ಕೂಗಿದ. “ತಪ್ಪು ಮಾಡೋದು ನೀನು, ಡೀಸೆಲ್ ಸುಡೋದು ನಾವಾ? ಹತ್ತು ದೋಣಿ!”

ಮಂತ್ರಾಲಯದ ಸ್ಕರ್ಟು ಎತ್ತಿ ಕಟ್ಟಿಕೊಂಡು ದೋಣಿ ಹತ್ತಿದೆ. ದಾರಿಯುದ್ದಕ್ಕೂ ಶಂಖ ಊದಿದರು. ಇವತ್ತು ಬೆಳಿಗ್ಗೆ ಮಣ್ಣು ಮಾಡಿದೆವು. ಮೇಷ್ಟ್ರು ಮಾತಾಡಿದರು, ಒಂದು ಅಲ್ಪವಿರಾಮವೂ ಬಿಡದೆ. ಊಟಕ್ಕೆ ಉಪ್ಪುಮೀನು, ಹಸಿಬಾಳೆ, ಕೆಸುವಿನ ಗಡ್ಡೆ. ಮೂರು ಸಲ ಹಾಕಿಸಿಕೊಂಡೆ.

ಮೇ 21, ಮಂಗಳವಾರ

ಇಬ್ಬರಿಗೂ ವಿಚಾರಣೆಯ ನೋಟಿಸು. ಒಜಿಯೆ ಸಾರ್ ತಪ್ಪೆಲ್ಲ ತಮ್ಮದೇ ಎಂದು ಬರೆದುಕೊಟ್ಟಿದ್ದಾರೆ. ನಾನು ಜಗಳವಾಡಿದೆ. “ನಾನು ಮುದುಕ, ನನ್ನ ಹೆಣ ಎಷ್ಟು ಭಾರ ಅಂತ ಅವರಿಗೆ ಗೊತ್ತು, ಎತ್ತಿ ಹಾಕೋಕೆ ಕಷ್ಟ” ಎಂದು ನಕ್ಕರು. ಈ ಮನುಷ್ಯನ ಟೈ ಮೇಲಿನ ಕಲೆಗಳನ್ನು ನಾನು ಇದೇ ಪುಸ್ತಕದಲ್ಲಿ ಲೇವಡಿ ಮಾಡಿದ್ದೆ. ಆ ಕಲೆಗಳಿಗೂ ಮರ್ಯಾದೆ ಕೊಡಬೇಕು.

ಮೇ 29, ಬುಧವಾರ

ವಿಚಾರಣೆ ಮತ್ತೆ ಮುಂದಕ್ಕೆ. ಮೇಲಿನಿಂದ ಸದ್ದಿಲ್ಲ. ಸುತ್ತೋಲೆ ಗೋಡೆಯ ಮೇಲೇ ಇದೆ, ಅದರ ಮೇಲೆ ಸಾರ್ ಟೋಪಿಯೂ ಇದೆ. ನಾನು ಮನೆಯವರು ಬರೆಸಿದಂತೆಯೇ ಓದುತ್ತಿದ್ದೇನೆ. ಇವತ್ತು ‘ಮೂರು ಗಂಟೆ’, ‘ಒಣಮೆಣಸು’, ಮತ್ತು ‘ದೇವರಿಗೂ ಸಾಲ’ ಎಂಬ ಪುಣ್ಯಾತ್ಮ. ನಿಧಾನವಾಗಿ ಓದಿದೆ. ‘ಒಣಮೆಣಸಿ’ನ ಮಗಳು ಗಾಜಿನಾಚೆ ಅಳುತ್ತ ಅಳುತ್ತ ನಕ್ಕಳು.

ಮಾರುಕಟ್ಟೆಯಲ್ಲಿ ಎಲ್ಲರೂ ಬಿಸಿನೀರು, ಬಿಸಿನೀರು ಎನ್ನುತ್ತಾರೆ. ಕಿತ್ತಳೆ ಮಾರುವವಳು ತೂಕಕ್ಕೆ ಮೇಲೊಂದು ಹಾಕಿದಳು. ಟಿವಿ ಕೆಟ್ಟಿದೆ, ರಿಪೇರಿಗೆ ಕೊಡಲು ಮರೆಯುತ್ತಲೇ ಇದ್ದೇನೆ.

ಜೂನ್ 11, ಮಂಗಳವಾರ

ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಕಾರ್ಯದರ್ಶಿಯವರು ಕೆಳಗೆ ಬಂದದ್ದನ್ನು ನಾನು ನೋ‍ಡಿದ್ದು ಇದೇ ಮೊದಲು. ಕಿವಿಯಲ್ಲಿ ಮುತ್ತು ಇರಲಿಲ್ಲ. ವಿಚಾರಣೆಗೇ ಬಂದರು ಎಂದುಕೊಂಡು ಎದ್ದು ನಿಂತೆ. ಅವರು ಒಂದು ಹಾಳೆ ಚಾಚಿದರು. ಟೈಪ್ ಮಾಡಿದ್ದು, ಚೊಕ್ಕ. ಶ್ರೀಮತಿ ಫಿಲೊಮಿನಾ ಜಾರ್ಜ್, ಉತ್ತರ ಪ್ರಾಂತ್ಯ. ಮಗಳು ಡೆಲ್ಫಿನ್.

“ಮೇಡಂ, ಕೂತ್ಕೊಳ್ಳಿ” ಎಂದೆ. ಸಾರ್ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಅವರು ಕೂರಲಿಲ್ಲ. ಗೋಡೆಯ ಮೇಲಿನ ಟೋಪಿ ನೋಡಿದರು. ಟೋಪಿಯ ಕೆಳಗೆ ಇಣುಕುತ್ತಿದ್ದ ತಮ್ಮ ಸಹಿಯನ್ನೂ ನೋಡಿದರು.

ಕೇಳಬಾರದಿತ್ತೇನೋ. ಕೇಳಿದೆ, ನಮ್ಮ ಮನೆಮಾತಿನಲ್ಲಿ: “ಅಮ್ಮನ್ನ ಜನ ಏನಂತ ಕರೀತಿದ್ರು?”

ಬಂದ ದನಿ ಇಂಗ್ಲಿಷಿನದ್ದಲ್ಲ. ಉತ್ತರದ ಬಸ್ ಸ್ಟ್ಯಾಂಡಿನ ಅಪ್ಪಟ ಕ್ರಿಯೋಲು. “ಕಡ್ಲೆಕಾಯ್ ಅಜ್ಜಿ. ನನ್ನನ್ನ ‘ಪೊಟ್ಟಣ’ ಅಂತಿದ್ರು. ನಾನೇ ಪೊಟ್ಟಣ ಕಟ್ತಿದ್ದೆ.”

“ಓದ್ಲಾ ಮೇಡಂ? ಸುತ್ತೋಲೆ...”

“ಓದು ಬಿಸಿನೀರು” ಎಂದರು. “ಇಲ್ದಿದ್ರೆ ನಮ್ಮಮ್ಮನಿಗೆ ಯಾರು ಬರ್ತಾರೆ?”

ಜೂನ್ 14, ಶುಕ್ರವಾರ

ಉತ್ತರಕ್ಕೆ ಹೋಗಿ ಬಂದೆವು, ನಾನೂ ಸಾರೂ ಅವರ ಹೆಂಡತಿಯೂ. ಚರ್ಚಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಉತ್ತರದ ಬಸ್ಸುಗಳೆಲ್ಲ ನಿಂತಿದ್ದವು. ಡ್ರೈವರುಗಳು ಪೆಟ್ಟಿಗೆ ಹೊತ್ತರು. ಯಾರೋ ಸಮಾಧಿಯ ಮೇಲೆ ಒಂದು ಹಿಡಿ ಹುರಿದ ಕಡಲೆಕಾಯಿ ಇಟ್ಟಿದ್ದರು. ಪೊಟ್ಟಣ ಮೇಡಂ ಬಂದವರ ಕೈಯನ್ನೆಲ್ಲ ಹಿಡಿದು ಮಾತಾಡಿಸುತ್ತಿದ್ದರು, ಮೂಗು ಸುರಿಸಿಕೊಂಡು, ಕರ್ಚೀಫೂ ಇಲ್ಲದೆ. ಅಷ್ಟು ಚೆಂದವಾಗಿ ನಾನು ಅವರನ್ನು ಎಂದೂ ನೋಡಿರಲಿಲ್ಲ.

ಹೊರಡುವಾಗ ನನ್ನ ಬಳಿ ಬಂದು, ನವೆಂಬರಿನಿಂದ ಟಿವಿಗೆ ಮತ್ತೆ ನೀವೇ ಎಂದರು. ಆಗಲಿ ಮೇಡಂ, ಆಮೇಲೆ ಮಾತಾಡೋಣ ಎಂದೆ. ಬಸ್ಸು ಹೊರಡುತ್ತಿತ್ತು.

ನಾಳೆಗೆ ಮೂರು ಪ್ರಕಟಣೆ ಇವೆ, ಒಂದು ಬಹಳ ಉದ್ದ, ಮೊಮ್ಮಕ್ಕಳೇ ಹತ್ತೊಂಬತ್ತು ಮಂದಿ. ಗಂಟಲಿಗೆ ಶುಂಠಿ ಕುದಿಸಿಟ್ಟು ಮಲಗಬೇಕು.